ಹೆಬ್ಬೆರಳು ಕಟ್ಟಿಕೊಂಡು ರಕ್ತ ತೊಳೆಯುವಾಕೆ

ಮೊಕ್ಪೊ ಬಂದರಿನಲ್ಲಿ ಮೀನು ಹರಾಜಿನ ಗಂಟೆ ಇನ್ನೂ ಹೊಡೆದಿಲ್ಲ. ಗುಡ್ಡದ ಮೇಲಿನ ಆಸ್ಪತ್ರೆಯಲ್ಲಿ, ಬಟ್ಟೆ ಬದಲಿಸುವ ಕೋಣೆಯ ಬೆಂಚಿನ ಮೇಲೆ ಕುಳಿತು ಮಾ ಒಕ್‌ಬುನ್ ತಮ್ಮ ಬಲಗೈ ಹೆಬ್ಬೆರಳನ್ನು ಅಂಗೈಗೆ ಮಡಚಿ, ಬಿಳಿ ಅಂಟುಪಟ್ಟಿಯಿಂದ ಬಿಗಿಯಾಗಿ ಸುತ್ತುತ್ತಿದ್ದಾರೆ. ಪಟ್ಟಿಯ ತುದಿಯನ್ನು ಹಲ್ಲಿನಿಂದ ಹರಿಯುತ್ತಾರೆ. ಬೆರಳಿಗೆ ಗಾಯವೇನೂ ಆಗಿಲ್ಲ. ನಾಲ್ಕೇ ಬೆರಳು ಉಳಿದ ಆ ಕೈಯನ್ನು ಮಡಚಿ ಬಿಚ್ಚಿ ನೋಡಿಕೊಂಡು, ಬಾರ್ಲಿ ಚಹಾದ ಲೋಟವನ್ನು ಎಡಗೈಯಲ್ಲಿ ಎತ್ತಿಕೊಳ್ಳುತ್ತಾರೆ.

"ಏನಕ್ಕಾ, ಇವತ್ತು ಲಾಂಡ್ರಿಗೆ ವಿಶೇಷ ಗಿರಾಕೀನಾ?" ಎಂದು ಪಕ್ಕದಲ್ಲಿ ಚಪ್ಪಲಿ ಬದಲಿಸುತ್ತಿರುವ ನರ್ಸ್ ಕೇಳುತ್ತಾಳೆ.

"ಹೂಂ. ಇವತ್ತು ಕೊಳವೆ ಕಳಚೋ ಹಾಗಿಲ್ಲ," ಎನ್ನುತ್ತಾರೆ ಒಕ್‌ಬುನ್. ನರ್ಸ್ ಚಪ್ಪಲಿ ಮೆಟ್ಟಿ ಹೊರಡುತ್ತಾಳೆ. ಆ ಬೆರಳನ್ನು ಯಾಕೆ ಕಟ್ಟುತ್ತಾರೆಂದು ಈ ಆಸ್ಪತ್ರೆಯಲ್ಲಿ ಗೊತ್ತಿಲ್ಲದವರಿಲ್ಲ. ಅದರ ಬಗ್ಗೆ ಮಾತಾಡುವವರೂ ಇಲ್ಲ.

ಐವತ್ತೇಳರ ಒಕ್‌ಬುನ್‌ಗೆ ಇಲ್ಲಿನವರು ಇಟ್ಟ ಹೆಸರು ಲಾಂಡ್ರಿ ಅಕ್ಕ. ಆಪರೇಷನ್ ನಡೆಯುವಾಗ ರೋಗಿಯ ಗಾಯದಿಂದ ಹರಿಯುವ ರಕ್ತವನ್ನು ಹೀರಿಕೊಂಡು, ಉಪ್ಪುನೀರಿನಲ್ಲಿ ತೊಳೆದು, ಚೀಲಕ್ಕೆ ತುಂಬುವ ಯಂತ್ರವೊಂದಿದೆ. ತೊಳೆದ ರಕ್ತ ಅದೇ ರೋಗಿಯ ಮೈಗೆ ವಾಪಸಾಗುತ್ತದೆ. ಯಂತ್ರವನ್ನು ಸಿದ್ಧಮಾಡುವುದು, ನಡೆಸುವುದು, ಕೊನೆಗೆ ಒರೆಸಿ ಮೂಲೆಗೆ ತಳ್ಳುವುದು ಅವರ ಕೆಲಸ. ಸಾಮಾನ್ಯ ರೋಗಿಗಳಿಗಾದರೆ ಚೀಲ ತುಂಬಿದ ಕೂಡಲೇ ಅದರ ಕೊರಳು ತಿರುಗಿಸಿ ಕಳಚಿ, ಅರಿವಳಿಕೆ ಡಾಕ್ಟರ ಕೈಗೆ ದಾಟಿಸಬೇಕು. ಅವರು ಅದನ್ನು ರೋಗಿಯ ತಲೆಯ ಬಳಿಯ ಕಂಬಕ್ಕೆ ತೂಗುಹಾಕುತ್ತಾರೆ. ದಿನಕ್ಕೆ ಮೂರು ನಾಲ್ಕು ಆಪರೇಷನ್‌ಗಳಲ್ಲಿ ಒಕ್‌ಬುನ್ ಮಾಡುವುದು ಇದನ್ನೇ.

ತಿಂಗಳಿಗೊಮ್ಮೆಯೋ ಎರಡು ಸಲವೋ ಬೇರೆ ತರಹದ ರೋಗಿ ಬರುತ್ತಾರೆ. ಯೆಹೋವನ ಸಾಕ್ಷಿಗಳೆಂಬ ಪಂಥದವರು ಪ್ರಾಣ ಹೋದರೂ ಇನ್ನೊಬ್ಬರ ರಕ್ತ ಹಾಕಿಸಿಕೊಳ್ಳುವವರಲ್ಲ. ತಮ್ಮದೇ ರಕ್ತವಾದರೂ ಮೈಬಿಟ್ಟು ಬೇರೆಯಾಯಿತೆಂದರೆ ಅದನ್ನು ನೆಲಕ್ಕೆ ಚೆಲ್ಲಬೇಕು. ಆದರೆ ಮೈಯಿಂದ ಯಂತ್ರಕ್ಕೆ, ಯಂತ್ರದಿಂದ ಮತ್ತೆ ಮೈಗೆ ಕೊಳವೆ ಒಂದೇ ಸಮನೆ ಕೂಡಿಕೊಂಡಿದ್ದರೆ ಅವರಲ್ಲಿ ಅನೇಕರು ಒಪ್ಪುತ್ತಾರೆ. ಅಂಥವರಿಗೆ ಒಕ್‌ಬುನ್ ಮೊದಲೇ ಕೊಳವೆಗೆಲ್ಲ ಉಪ್ಪುನೀರು ತುಂಬಿ, ಒಂದು ತುದಿಯನ್ನು ರೋಗಿಯ ತೋಳಿನ ನರಕ್ಕೆ ಸೇರಿಸಿಬಿಡುತ್ತಾರೆ. ಆಮೇಲೆ ಆಪರೇಷನ್ ಮುಗಿಯುವವರೆಗೆ ಅದನ್ನು ಯಾರೂ ಎಲ್ಲೂ ಕಳಚುವಂತಿಲ್ಲ.

ಇವತ್ತಿನ ರೋಗಿ ತಾಕ್ ಜೊಂಗ್‌ಮಾನ್. ಬಂದರಿನ ಬೀದಿಯಲ್ಲಿ ಕ್ಷೌರದಂಗಡಿ ನಡೆಸಿದ ಎಪ್ಪತ್ತಾರರ ಮುದುಕ. ಸವೆದುಹೋದ ಸೊಂಟದ ಕೀಲು ಬದಲಿಸಿಕೊಳ್ಳಲು ಬಂದಿದ್ದಾರೆ.

"ಅಜ್ಜಾ, ಬೆಳಬೆಳಗ್ಗೆ ತಲೆ ತಿನ್ನೋಕೆ ಬಂದೆ," ಎಂದು ಒಕ್‌ಬುನ್ ಮಂಚದ ಪಕ್ಕ ಕುಕ್ಕರಿಸುತ್ತಾರೆ.

"ತಲೆ ತಿನ್ನು, ರಕ್ತದ ತಂಟೆಗೆ ಬರಬೇಡ. ಈ ಊರಿನ ಗಡ್ಡ ಎಲ್ಲಾ ಕೆರೆದಿದೀನಿ, ಒಬ್ಬರ ಕೆನ್ನೇಲೂ ತೊಟ್ಟು ರಕ್ತ ತೆಗೆದೋನಲ್ಲ. ನಿಮ್ಮ ಡಾಕ್ಟ್ರ ಕೈ ಹೆಂಗೋ ಏನೋ."

"ಅವರು ತೆಗೆದಿದ್ದನ್ನ ತೊಳೆದು ಕೊಡೋಕೆ ನಾನಿದೀನಲ್ಲ." ಕೊಳವೆಯ ಒಂದು ತುಂಡನ್ನು ಮುದುಕರ ಕೈಗಿತ್ತು, ಎಲ್ಲಿಂದ ಹೋಗುತ್ತದೆ, ಎಲ್ಲಿಂದ ಬರುತ್ತದೆ ಎಂದು ತೋರಿಸುತ್ತಾರೆ. ಆಮೇಲೆ ದನಿ ತಗ್ಗುತ್ತದೆ. "ಒಂದು ಮಾತು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಮಧ್ಯೆ ಎಲ್ಲಾದ್ರೂ ಕೊಳವೆ ಕಳಚಿಕೊಂಡ್ರೆ ಏನ್ಮಾಡ್ಲಿ?"

ಈ ಪ್ರಶ್ನೆಯನ್ನು ಪ್ರತಿಯೊಬ್ಬರಿಗೂ ಬಾಯಿಬಿಟ್ಟು ಕೇಳಲೇಬೇಕು. ಅವರ ಪಂಥ ಈ ವಿಷಯವನ್ನು ಅವರವರ ಮನಸ್ಸಾಕ್ಷಿಗೆ ಬಿಟ್ಟಿದೆ. ತಕ್ಷಣ ಕೂಡಿಸಿಬಿಡಿ ಎನ್ನುವವರೂ ಇದ್ದಾರೆ. ತಾಕ್ ಅಜ್ಜ ಆ ಪೈಕಿಯವರಲ್ಲ.

"ಚೆಲ್ಲಿಬಿಡಮ್ಮ," ಎನ್ನುತ್ತಾರೆ ಅವರು. ನಂತರ ಒಕ್‌ಬುನ್‌ರ ಕೈ ನೋಡಿ, "ಹೆಬ್ಬೆರಳಿಗೆ ಏನಾಯ್ತು?"

"ಏನಿಲ್ಲ ಅಜ್ಜಾ. ಅದಕ್ಕೆ ಇವತ್ತು ರಜ."

ಮುದುಕರು ನಗುತ್ತಾರೆ. ಒಕ್‌ಬುನ್ ನಗುವುದಿಲ್ಲ. ಬಾಗಿಲ ಹೊರಗೆ ಬಂದು ಗೋಡೆಗೆ ಒರಗಿ ನಿಂತು, ಮುಖಕ್ಕೆ ಮುಸುಕು ಕಟ್ಟಿಕೊಂಡು, ಆಪರೇಷನ್ ಕೋಣೆಯತ್ತ ನಡೆಯುತ್ತಾರೆ.

ಅವರು ಹುಟ್ಟಿದ್ದು ಸಿನಾನ್ ದ್ವೀಪಗಳ ಒಂದು ಉಪ್ಪಿನ ಗದ್ದೆಯ ಬದಿಯಲ್ಲಿ. ಅಪ್ಪ ಬಿಸಿಲಿನಲ್ಲಿ ನೀರಿನ ಚಕ್ರ ತುಳಿದು ಗದ್ದೆಗೆ ಸಮುದ್ರದ ನೀರು ಹಾಯಿಸುತ್ತಿದ್ದರು. ಹುಡುಗಿಯಾಗಿದ್ದಾಗಲೇ ಒಕ್‌ಬುನ್ ಊರು ಬಿಟ್ಟು ಮೊಕ್ಪೊಗೆ ಬಂದು, ಆಸ್ಪತ್ರೆಯ ನೆಲ ಒರೆಸಿ, ಹಾಸಿಗೆ ಬಟ್ಟೆ ಹೊತ್ತು, ಪರೀಕ್ಷೆ ಪಾಸು ಮಾಡಿ ನರ್ಸಮ್ಮಂದಿರ ಸಹಾಯಕಿಯಾದರು. ರಕ್ತ ತೊಳೆಯುವ ಯಂತ್ರ ಬಂದಾಗ ಅದರ ಹತ್ತಿರ ಸುಳಿಯಲು ಯಾರಿಗೂ ಮನಸ್ಸಿರಲಿಲ್ಲ. ಶಬ್ದ ಬೇರೆ, ವಾಸನೆ ಬೇರೆ. ಬೇಡವಾದ ಕೆಲಸಗಳೆಲ್ಲ ಕೊನೆಗೆ ಹೋಗಿ ಸೇರುವ ಕಡೆಗೇ ಇದೂ ಹೋಗಿ ಸೇರಿತು.

"ಅಪ್ಪ ಸಮುದ್ರದ ನೀರಿಂದ ಉಪ್ಪು ತೆಗೆದ್ರು. ನಾನು ಉಪ್ಪುನೀರಲ್ಲಿ ರಕ್ತ ತೊಳೆದೆ. ನಮ್ಮ ಮನೆತನಕ್ಕೆ ಉಪ್ಪು ಬಿಟ್ಟು ಬೇರೇನೂ ದಕ್ಕಲಿಲ್ಲ ನೋಡಿ," ಎನ್ನುತ್ತಾರೆ.

ಕಾಲುಗಳಲ್ಲಿ ನರಗಳು ಹಗ್ಗದ ಹಾಗೆ ಉಬ್ಬಿವೆ. ಊಟ ಮಾಡುವುದು ನಿಂತುಕೊಂಡೇ, ಅದೂ ಎರಡು ಆಪರೇಷನ್‌ಗಳ ನಡುವೆ ಸಿಕ್ಕರೆ. ರೋಗಿಗೆ ಡಾಕ್ಟರು ನೆನಪಿರುತ್ತಾರೆ, ಗಂಜಿ ತಂದುಕೊಟ್ಟವರೂ ನೆನಪಿರುತ್ತಾರೆ. ಮಂಪರಿನಲ್ಲಿ ಮಲಗಿದ್ದಾಗ ತನ್ನ ರಕ್ತ ತೊಳೆದವರು ಯಾರೆಂದು ಯಾರಿಗೆ ಗೊತ್ತು? ಇಷ್ಟು ವರ್ಷಗಳಲ್ಲಿ ಒಬ್ಬಳೇ ಒಬ್ಬಳು ರೋಗಿ ಅವರನ್ನು ಅಕ್ಕಾ ಎಂದು ಕರೆದು, ಪಕ್ಕ ಕೂರಿಸಿಕೊಂಡು, ಕಿತ್ತಳೆ ಸುಲಿದು ಕೊಟ್ಟಿದ್ದಳು. ಆಕೆಯೇ ಇವತ್ತು ಇಲ್ಲ.

ಆಕೆಯ ಹೆಸರು ಬಾಂಗ್ ಯೊನ್‌ಸಿಮ್, ವಯಸ್ಸು ನಲವತ್ತೆಂಟು. ದೋಣಿಯಲ್ಲಿ ಅರ್ಧ ದಿನದ ದಾರಿಯಾಚೆಯ ದ್ವೀಪದಲ್ಲಿ ಗಂಡನ ಜೊತೆ ಗಿಮ್ ಬೆಳೆಯುತ್ತಿದ್ದರು. ಗಿಮ್ ಎಂದರೆ ಸಮುದ್ರದಲ್ಲಿ ಬಲೆ ಕಟ್ಟಿ ಬೆಳೆಸಿ, ಕಾಗದದಂತೆ ತೆಳ್ಳಗೆ ಒಣಗಿಸುವ ಕಪ್ಪು ಪಾಚಿ. ಅದಿಲ್ಲದೆ ನಮ್ಮ ಕಡೆಯವರಿಗೆ ಅನ್ನ ಗಂಟಲಲ್ಲಿ ಇಳಿಯದು. ಯೊನ್‌ಸಿಮ್‌ರ ಗರ್ಭಕೋಶದಲ್ಲಿ ಮಗುವಿನ ತಲೆಯಷ್ಟು ದೊಡ್ಡ ಗೆಡ್ಡೆ ಬೆಳೆದಿತ್ತು. ವರ್ಷಗಟ್ಟಲೆ ರಕ್ತ ಹೋಗಿ ಹೋಗಿ ಮುಖ ಬಿಳಿಚಿತ್ತು. ಎರಡು ಆಸ್ಪತ್ರೆಗಳು, ರಕ್ತ ಹಾಕಿಸಿಕೊಳ್ಳದವರಿಗೆ ನಾವು ಕತ್ತಿ ಮುಟ್ಟಿಸುವುದಿಲ್ಲ ಎಂದು ವಾಪಸು ಕಳಿಸಿದ್ದವು. ಇಲ್ಲಿ ಡಾ. ನಾಮ್‌ಗುಂಗ್ ಒಪ್ಪಿಕೊಂಡರು. ಕಬ್ಬಿಣದ ಔಷಧಿ, ರಕ್ತ ಹೆಚ್ಚಿಸುವ ಚುಚ್ಚುಮದ್ದು ಕೊಡುತ್ತ ವಾರಗಟ್ಟಲೆ ಆಕೆಯನ್ನು ಆಪರೇಷನ್ನಿಗೆ ಅಣಿಮಾಡಿದರು. ಪರೀಕ್ಷೆಗೆ ರಕ್ತ ತೆಗೆಯುವುದಕ್ಕೂ ಹಸುಗೂಸುಗಳಿಗೆ ಬಳಸುವ ಪುಟ್ಟ ಶೀಸೆ. ಆ ಶೀಸೆ ಹಿಡಿದು ದಿನವೂ ಹೋಗುತ್ತಿದ್ದವರು ಒಕ್‌ಬುನ್.

"ಅಕ್ಕಾ, ನಿನ್ನ ಕೈ ನೋಡಿದ್ರೆ ಗಿಮ್ ಒಣಹಾಕೋ ಹೆಂಗಸಿನ ಕೈ ತರ ಇದೆ. ಬಾ ನಮ್ಮೂರಿಗೆ, ಕೂಲಿ ಕೊಡಿಸ್ತೀನಿ," ಎಂದು ಯೊನ್‌ಸಿಮ್ ರೇಗಿಸುತ್ತಿದ್ದರು.

"ಕೂಲಿ ನೀನೇ ಇಟ್ಕೋ, ಗಿಮ್ ಕೊಡು ಸಾಕು."

"ಮನೆಗೆ ಹೋಗ್ಲಿ ತಡಿ. ಈ ಸಲ ಮೊದಲ ಕೊಯ್ಲಿನ ಗಿಮ್ ಅತ್ತೆಗೂ ಇಲ್ಲ, ನಿನಗೇ."

ಗಂಡ ಗುಕ್ ಯಾಂಗ್‌ಹೋಗೆ ಹೆಂಡತಿಯ ಈ ನಂಬಿಕೆ ಎಂದೂ ಸರಿಬಂದಿರಲಿಲ್ಲ. ಹಿರಿಯರ ಎಡೆಯ ಮುಂದೆ ಹೆಂಡತಿ ಅಡ್ಡಬೀಳುವುದಿಲ್ಲವೆಂದು ಅವರ ಮನೆಯಲ್ಲಿ ಹಬ್ಬ ಹಬ್ಬಕ್ಕೂ ಜಗಳ. ಆಪರೇಷನ್ನಿನ ಹಿಂದಿನ ದಿನ ಒಕ್‌ಬುನ್ ಎಲ್ಲರಿಗೂ ಕೇಳುವ ಪ್ರಶ್ನೆಯನ್ನು ಯೊನ್‌ಸಿಮ್‌ಗೂ ಕೇಳಿದಾಗ ಆತನೂ ಅಲ್ಲೇ ಇದ್ದರು, ಡಾ. ನಾಮ್‌ಗುಂಗ್ ಕೂಡ ಇದ್ದರು.

"ಇದನ್ನ ಕೇಳೋದೇನಿದೆ? ಅವಳ ರಕ್ತ ಅವಳಿಗೆ ಕೊಡೋಕೂ ಅಪ್ಪಣೆ ಬೇಕಾ?" ಎಂದು ಯಾಂಗ್‌ಹೋ ಸಿಡಿದರು.

ಯೊನ್‌ಸಿಮ್ ಗಂಡನ ಕಡೆ ನೋಡಲೇ ಇಲ್ಲ. "ಕೊಳವೆ ಕೂಡಿಕೊಂಡಿರೋ ತನಕ ಅದು ನನ್ನ ಮೈ ಅಕ್ಕಾ. ಕಳಚಿದ್ರೆ ದೇವರದು. ಚೆಲ್ಲಿಬಿಡು."

"ಸತ್ತುಹೋಗ್ತೀಯ ಕಣೇ!"

"ಎಲ್ಲಾ ಹುಡುಗರ ಹಾಗೆ ಸೈನ್ಯಕ್ಕೆ ಕರೆದಾಗ ನನ್ನ ತಮ್ಮ ಬಂದೂಕು ಹಿಡಿಯಲ್ಲ ಅಂತ ಒಂದೂವರೆ ವರ್ಷ ಜೈಲಲ್ಲಿ ಕೂತ. ಒಂದು ಸಲ ಹೂಂ ಅಂದಿದ್ರೆ ಬಿಟ್ಟುಬಿಡೋರು. ಅವನು ಅನ್ನಲಿಲ್ಲ. ನಾನು ಒಂದು ಚೀಲಕ್ಕೆ ಮಾತು ಬದಲಾಯಿಸ್ಲಾ?" ಎಂದವರು ಒಕ್‌ಬುನ್ ಕಡೆ ತಿರುಗಿ ಕಣ್ಣು ಮಿಟುಕಿಸಿದರು. "ಅಕ್ಕ ಇರೋವಾಗ ಯಾಕೆ ಕಳಚುತ್ತೆ? ಅಲ್ವೇನಕ್ಕಾ?"

"ನನ್ನ ಕೈ ನಿದ್ದೇಲೂ ತಪ್ಪಲ್ಲ ಬಿಡು," ಎಂದರು ಒಕ್‌ಬುನ್.

ಆ ಮಾತನ್ನು ಈಗ ಹೇಳುವಾಗ ಅವರ ಬಾಯಿ ಕಹಿಯಾಗುತ್ತದೆ. ಅದು ಜಂಬದ ಮಾತಾಗಿರಲಿಲ್ಲ, ನಿಜವೇ ಆಗಿತ್ತು. ಕೇಡು ಬಂದದ್ದೂ ಅದರಿಂದಲೇ.

ಅದು ಕಳೆದ ವರ್ಷದ ಅಕ್ಟೋಬರ್. ಆ ವಾರ ಹೆದ್ದಾರಿಯಲ್ಲಿ ಬಸ್ಸೊಂದು ಉರುಳಿ, ಆಸ್ಪತ್ರೆಗೆ ಗಾಯಾಳುಗಳು ಒಬ್ಬರ ಹಿಂದೊಬ್ಬರು ಬಂದಿದ್ದರು. ಒಕ್‌ಬುನ್ ಚೀಲದ ಮೇಲೆ ಚೀಲ ತುಂಬಿಸಿದ್ದರು. ತುಂಬಿದಾಗ ಅರಿವಳಿಕೆ ಡಾಕ್ಟರು "ಕೊಡಿ" ಎನ್ನುತ್ತಾರೆ. ಕೈ ಚೀಲದ ಕೊರಳು ಹಿಡಿಯುತ್ತದೆ, ಹೆಬ್ಬೆರಳು ತಿರುಗಿಸುತ್ತದೆ, ಚೀಲ ದಾಟುತ್ತದೆ. ಕಣ್ಣು ಅತ್ತ ಹೋಗಬೇಕಾಗಿಯೂ ಇಲ್ಲ. ವಾರವಿಡೀ ಅದೇ ನಡೆಯಿತು.

ಯೊನ್‌ಸಿಮ್‌ರ ಗೆಡ್ಡೆ ಅಕ್ಕಪಕ್ಕದ ರಕ್ತನಾಳಗಳಿಗೆ ಅಂಟಿಕೊಂಡಿತ್ತು. ಬಿಡಿಸಲು ಹೋದಾಗ ರಕ್ತ ಉಕ್ಕಿತು. ಯಂತ್ರ ಹೀರಿತು, ತೊಳೆಯಿತು, ಚೀಲ ತುಂಬಿ ದುಂಡಗಾಯಿತು. ಹೊಟ್ಟೆಯೊಳಗಿನ ರಕ್ತ ನಿಲ್ಲಿಸುವ ಗಡಿಬಿಡಿಯಲ್ಲಿ ಎಲ್ಲರ ಕಣ್ಣೂ ಅತ್ತಲೇ ಇತ್ತು. ಒತ್ತಡ ಇಳಿಯುತ್ತಿದೆ ಎಂದು ಯಾರೋ ಕೂಗಿದರು. ಅರಿವಳಿಕೆ ಡಾಕ್ಟರು ತಲೆಯೆತ್ತದೆ, ದಿನವೂ ಹೇಳುವ ಹಾಗೆಯೇ "ಕೊಡಿ" ಎಂದರು. ಕೊಳವೆಯ ಬಿಗಿ ಸಡಿಲಿಸಿ ರಕ್ತ ಹರಿಯಬಿಡಿ ಎಂದು ಅವರ ಅರ್ಥ. ಒಕ್‌ಬುನ್‌ರ ಕೈ ಚೀಲದ ಕೊರಳು ಹಿಡಿಯಿತು. ಹೆಬ್ಬೆರಳು ತಿರುಗಿಸಿತು.

"ಕೈಯಲ್ಲಿ ಚೀಲ ಬಂತು. ಇನ್ನೊಂದು ಕೈಯಲ್ಲಿ ಕೊಳವೆ. ಎರಡರ ಮಧ್ಯೆ ಗೇಣು ಜಾಗ. ಕೊಳವೆಯಿಂದ ಉಪ್ಪುನೀರು ನನ್ನ ಕಾಲ ಮೇಲೆ ತೊಟ್ಟಿಕ್ತಾ ಇತ್ತು. ನಾನು ಏನು ಮಾಡಿದೀನಿ ಅಂತ ತಿಳಿಯೋಕೆ ಹೊತ್ತು ಹಿಡೀತು ನೋಡಿ," ಎನ್ನುತ್ತಾರೆ ಒಕ್‌ಬುನ್.

ಯಾರೂ ನೋಡಿರಲಿಲ್ಲ. ಮತ್ತೆ ಕೂಡಿಸಿಬಿಟ್ಟಿದ್ದರೆ ಮುಗಿದುಹೋಗುತ್ತಿತ್ತು. ಒಕ್‌ಬುನ್ ಬಾಯಿಬಿಟ್ಟರು: "ಡಾಕ್ಟ್ರೇ, ಕಳಚಿದೆ."

ಡಾ. ನಾಮ್‌ಗುಂಗ್ ತಲೆ ಎತ್ತಿದರು. ಅವರ ಎರಡು ಕೈಗಳೂ ಯೊನ್‌ಸಿಮ್‌ರ ಹೊಟ್ಟೆಯೊಳಗಿದ್ದವು. "ಕೂಡಿಸಿ."

"ಕಳಚಿದೆ ಡಾಕ್ಟ್ರೇ."

"ನಾನು ನೋಡಿಲ್ಲ. ಇಲ್ಲಿ ಯಾರೂ ನೋಡಿಲ್ಲ. ಒಕ್‌ಬುನ್ ಅವರೇ, ಕೈ ಮುಗೀತೀನಿ, ಕೂಡಿಸಿ."

"ನಾನು ನೋಡಿದೀನಲ್ಲ."

ಡಾಕ್ಟರರ ಕಣ್ಣಲ್ಲಿ ನೀರು ತುಂಬಿದ್ದನ್ನು ಒಕ್‌ಬುನ್ ನೋಡಿದರು. ಅವರು ಕೆಟ್ಟವರಲ್ಲ, ಅಂಜುಬುರುಕರೂ ಅಲ್ಲ. ಬೇರೆ ಯಾರೂ ಮುಟ್ಟದ ರೋಗಿಯನ್ನು ಮುಟ್ಟಿದವರು. ಯೊನ್‌ಸಿಮ್ ಆಡಿದ ಮಾತನ್ನು ಅವರೂ ಕೇಳಿಸಿಕೊಂಡಿದ್ದರು. ಕೊನೆಗೆ ಅವರು ತಲೆ ತಗ್ಗಿಸಿ ಕೆಲಸ ಮುಂದುವರಿಸಿದರು, ಮತ್ತೆ ಕೂಡಿಸಿ ಎನ್ನಲಿಲ್ಲ. ನರ್ಸೊಬ್ಬಳು ಚೀಲ ಇಸಿದುಕೊಳ್ಳಲು ಕೈ ಚಾಚಿದಳು. ಒಕ್‌ಬುನ್ ಕೊಡಲಿಲ್ಲ. ತಾವೇ ತೊಟ್ಟಿಯ ಬಳಿ ಹೋಗಿ, ಕತ್ತರಿಯಿಂದ ಚೀಲದ ಮೂಲೆ ಕತ್ತರಿಸಿ ಚೆಲ್ಲಿದರು. ಇನ್ನೂ ಬೆಚ್ಚಗಿತ್ತಂತೆ. ತಾವೇ ಒಗೆದು ಮಡಿ ಮಾಡಿದ್ದನ್ನು ತಾವೇ ಚರಂಡಿಗೆ ಸುರಿದರು.

ಹೊಸ ಕೊಳವೆ ಸೇರಿಸಿ, ಆಮೇಲೆ ಹರಿದಷ್ಟನ್ನು ಯಂತ್ರ ಹಿಂದಕ್ಕೆ ಕೊಟ್ಟಿತು. ಅದು ಏನೇನೂ ಸಾಲಲಿಲ್ಲ. ಹೊಟ್ಟೆ ಹೊಲಿದು ಐಸಿಯುಗೆ ತಂದಾಗ ಯೊನ್‌ಸಿಮ್‌ರ ತುಟಿಯೂ ಕೆನ್ನೆಯೂ ಒಂದೇ ಬಣ್ಣವಾಗಿದ್ದವು. ಮರುದಿನ ಸ್ವಲ್ಪ ಹೊತ್ತು ಎಚ್ಚರವಾಯಿತು. ಆಮ್ಲಜನಕದ ಮುಸುಕಿನ ಒಳಗಿಂದ ಅವರು ಮೊದಲು ಕೇಳಿದ್ದು ಒಕ್‌ಬುನ್‌ರನ್ನೇ.

"ಕಳಚ್ತಾ ಅಕ್ಕಾ?"

"ಹೂಂ. ನಾನೇ ಕಳಚಿಬಿಟ್ಟೆ ಕಣೇ. ನನ್ನ ಕೈ…"

"ಚೆಲ್ಲಿದ್ಯಾ?"

"ಹೂಂ."

ಯೊನ್‌ಸಿಮ್ ಕಣ್ಣು ಮುಚ್ಚಿ ತುಸು ಸುಧಾರಿಸಿಕೊಂಡರು. "ಒಳ್ಳೇದಾಯ್ತು," ಎಂದರು. ಆಮೇಲೆ ಒಕ್‌ಬುನ್‌ರ ಬೆರಳುಗಳನ್ನು ಹಿಡಿದುಕೊಂಡು, "ನಂಗೆ ಸಾಯೋಕೆ ಇಷ್ಟ ಇಲ್ಲ ಅಕ್ಕಾ," ಎಂದರು. ಮೂರನೆಯ ದಿನ ತೀರಿಕೊಂಡರು.

ಅವರು ಧರ್ಮಕ್ಕಾಗಿ ನಗುನಗುತ್ತ ಪ್ರಾಣ ಕೊಟ್ಟರೆಂದು ಯಾರಾದರೂ ಹೇಳಿದರೆ ಒಕ್‌ಬುನ್‌ಗೆ ಮೈ ಉರಿಯುತ್ತದೆ. ಮೂಢನಂಬಿಕೆಗೆ ಬಲಿಯಾದರೆಂದು ಹೇಳಿದರೂ ಅಷ್ಟೇ ಉರಿಯುತ್ತದೆ. "ಆ ಮಾತಾಡೋರು ಯಾರೂ ಅವಳ ಕೈ ಹಿಡ್ಕೊಂಡಿರಲಿಲ್ಲ," ಎನ್ನುತ್ತಾರೆ. ಅವರಿಗೆ ಯಾವ ದೇವರ ಮೇಲೂ ಭಕ್ತಿಯಿಲ್ಲ. ಭಾನುವಾರ ಸಿಕ್ಕರೆ ಮಲಗುತ್ತಾರೆ.

ನಮ್ಮಲ್ಲಿ ಸಾವಿನ ಮನೆ ಆಸ್ಪತ್ರೆಯ ನೆಲಮಾಳಿಗೆಯಲ್ಲೇ ಇರುತ್ತದೆ. ಒಕ್‌ಬುನ್ ಕೆಲಸದ ಬಟ್ಟೆಯ ಮೇಲೆ ಕರಿ ಕೋಟು ಹಾಕಿಕೊಂಡು ಕೆಳಗಿಳಿದು ಹೋದರು. ಯೊನ್‌ಸಿಮ್‌ರ ಪಟದ ಮುಂದೆ ಗಂಡನ ಕಡೆಯವರು ಅಡ್ಡಬೀಳುತ್ತಿದ್ದರು. ಆಕೆಯ ಪಂಥದವರು ಒಂದು ಬದಿಯಲ್ಲಿ ತಲೆ ತಗ್ಗಿಸಿ ಕುಳಿತಿದ್ದರು. ತೋಳಿಗೆ ಸೂತಕದ ನಾರುಬಟ್ಟೆಯ ಪಟ್ಟಿ ಕಟ್ಟಿಕೊಂಡು ನಡುವೆ ನಿಂತಿದ್ದ ಯಾಂಗ್‌ಹೋಗೆ ಇನ್ನೂ ವಿಷಯ ತಿಳಿದಿರಲಿಲ್ಲ. ರಕ್ತ ನಿಲ್ಲಲಿಲ್ಲ ಎಂದಷ್ಟೇ ಆಸ್ಪತ್ರೆ ಹೇಳಿತ್ತು. ಅದೂ ಸುಳ್ಳಲ್ಲ.

"ಕೊಳವೆ ಕಳಚಿದ್ದು ನಾನು. ಚೆಲ್ಲಿದ್ದೂ ನಾನೇ," ಎಂದರು ಒಕ್‌ಬುನ್. ಹೊಡೆಯಲಿ, ಕೂಗಾಡಲಿ, ಪಟದ ಮುಂದಿನ ಹೂವು ಎತ್ತಿ ಬಿಸಾಡಲಿ ಎಂದು ನಿಂತೇ ಇದ್ದರು. ಯಾಂಗ್‌ಹೋ ಊಟದ ಸಾಲಿನತ್ತ ಕೈ ತೋರಿಸಿದರು.

"ಊಟ ಮಾಡ್ಕೊಂಡು ಹೋಗಿ," ಎಂದರು. ಸಾವಿನ ಮನೆಗೆ ಬಂದ ಪ್ರತಿಯೊಬ್ಬರಿಗೂ ಹೇಳುವ ಮಾತು ಅದು. ಒಕ್‌ಬುನ್ ಕುಳಿತು, ಬಟ್ಟಲಲ್ಲಿ ಬಂದ ಖಾರದ ಕೆಂಪು ಸಾರನ್ನು ತಳ ಕಾಣುವ ತನಕ ಉಂಡರು. ಬಿಟ್ಟು ಏಳಲು ಧೈರ್ಯ ಬರಲಿಲ್ಲವಂತೆ.

ವಿಚಾರಣೆ ನಡೆಯಿತು. ರೋಗಿಯ ಮಾತಿನಂತೆ ನಡೆದದ್ದರಲ್ಲಿ ತಪ್ಪಿಲ್ಲ, ಕೊಳವೆ ಕಳಚಿದ್ದು ಕೆಲಸದ ಒತ್ತಡದಲ್ಲಿ ಆದ ಆಕಸ್ಮಿಕ ಎಂದಾಯಿತು. ಯಾರಿಗೂ ಶಿಕ್ಷೆಯಾಗಲಿಲ್ಲ. ಒಕ್‌ಬುನ್ ತಮ್ಮನ್ನು ಯಂತ್ರದಿಂದ ಬಿಡಿಸಿ ಎಂದು ಬೇಡಿಕೊಂಡರು. ಬೇರೆ ಯಾರಿದ್ದಾರೆ ಎಂದು ಮೇಲಿನವರು ಕೇಳಿದರು. ಯಾರೂ ಇರಲಿಲ್ಲ. ಹೊಸಬರು ಯಾರೂ ಕ್ಷಣಕ್ಷಣಕ್ಕೂ ಜೀವ ಕೈಯಲ್ಲಿ ಹಿಡಿದು ನಿಲ್ಲುವ ಈ ಮೂಲೆಗೆ ಬರಲು ಒಪ್ಪುತ್ತಿಲ್ಲ. ವಸಂತ ಬರುವಷ್ಟರಲ್ಲಿ ಡಾ. ನಾಮ್‌ಗುಂಗ್ ಕೆಲಸ ಬಿಡುತ್ತಿದ್ದಾರೆ. ಆಮೇಲೆ ಇಂಥ ರೋಗಿಗಳನ್ನು ಸೇರಿಸಿಕೊಳ್ಳುವುದಿಲ್ಲವೆಂದು ಆಸ್ಪತ್ರೆ ತೀರ್ಮಾನಿಸಿದೆ. ದ್ವೀಪಗಳವರು ದೂರದ ರಾಜಧಾನಿ ಸೋಲ್ ನಗರಕ್ಕೆ ಹೋಗಬೇಕು, ಹೋಗಲಾರದವರು ಮನೆಯಲ್ಲೇ ನರಳಬೇಕು.

ಆ ಸಾವಿನ ನಂತರ ಬಂದ ಅಂಥ ಮೊದಲ ರೋಗಿಯ ದಿನದಿಂದ ಒಕ್‌ಬುನ್ ಹೆಬ್ಬೆರಳು ಕಟ್ಟಿಕೊಳ್ಳುತ್ತಿದ್ದಾರೆ. ಕೆಲಸ ನಿಧಾನವಾಗುತ್ತದೆ, ಯಂತ್ರದ ಗುಂಡಿ ತಿರುಗಿಸುವಾಗ ಕೈ ಜಾರುತ್ತದೆ, ಸಂಜೆಗೆ ಮಣಿಕಟ್ಟು ಊದುತ್ತದೆ. ಮರೆಯದೆ ಇದ್ದರಾಯಿತು, ಇದೆಲ್ಲ ಯಾಕೆ ಎಂದು ಕೇಳಿದವರಿಗೆ ಅವರದು ಒಂದೇ ಉತ್ತರ: "ನಾನು ಅವತ್ತೂ ಮರೆತಿರಲಿಲ್ಲ. ಕೈಗೆ ಗೊತ್ತಿರಲಿಲ್ಲ."

ತಾಕ್ ಅಜ್ಜನ ಆಪರೇಷನ್ ಬೆಳಗಿನ ಹೊತ್ತೇ ಮುಗಿಯುತ್ತದೆ. ಹೆಚ್ಚು ರಕ್ತ ಹೋಗುವುದಿಲ್ಲ. ಚೀಲ ಅರ್ಧ ತುಂಬಿ, ಬಂದ ದಾರಿಯಲ್ಲೇ ಅಜ್ಜನ ತೋಳು ಸೇರುತ್ತದೆ. ನಡುವೆ ಒಮ್ಮೆ ಅರಿವಳಿಕೆ ಡಾಕ್ಟರು ತಲೆಯೆತ್ತದೆ "ಕೊಡಿ" ಎನ್ನುತ್ತಾರೆ; ಆಡಿದ ಮೇಲೆ ನಾಲಿಗೆ ಕಚ್ಚಿಕೊಳ್ಳುತ್ತಾರೆ. ಅಷ್ಟರಲ್ಲಿ ಒಕ್‌ಬುನ್‌ರ ಬಲಗೈ ಎದ್ದು ಚೀಲದ ಕೊರಳಿಗೆ ಹೋಗಿಬಿಟ್ಟಿದೆ. ನಾಲ್ಕು ಬೆರಳು ಹಿಡಿದಿವೆ, ಗ್ಲೌಸಿನೊಳಗೆ ಕಟ್ಟಿದ ಹೆಬ್ಬೆರಳು ಮಿಸುಕಾಡುತ್ತದೆ. ತಿರುಗಿಸಲು ಆಗುವುದಿಲ್ಲ. ಒಕ್‌ಬುನ್ ಆ ಕೈಯನ್ನು ಎಡಗೈಯಿಂದ ಹಿಡಿದು ಕೆಳಗಿಳಿಸುತ್ತಾರೆ, ಯಾರದೋ ಮಗುವಿನ ಕೈ ಹಿಡಿದ ಹಾಗೆ.

ಹೊರಗೆ ಬಂದರೆ ಪಡಸಾಲೆಯ ಬೆಂಚಿನಲ್ಲಿ ಯಾಂಗ್‌ಹೋ ಕುಳಿತಿದ್ದಾರೆ. ಗಿಮ್ ಕೊಯ್ಲು ಶುರುವಾಗಿದೆ. ತೊಡೆಯ ಮೇಲೆ ಬಟ್ಟೆಯಲ್ಲಿ ಕಟ್ಟಿದ ಗಂಟು. ಕಳೆದ ವರ್ಷವೂ ಹೀಗೇ ಬಂದಿದ್ದರು.

"ಈ ಸಲ ನೀರು ಬೆಚ್ಚಗಿತ್ತು, ಬೆಳೆ ತಡ ಆಯ್ತು," ಎನ್ನುತ್ತಾರೆ.

"ತರಬೇಡಿ ಅಂತ ಹೋದ ವರ್ಷಾನೇ ಹೇಳಿದ್ನಲ್ಲ."

"ನಾನು ಕೊಡ್ತಿಲ್ಲ. ಅವಳು ಐಸಿಯುನಲ್ಲಿ ಹೇಳಿದ್ದು, ಅಕ್ಕನಿಗೆ ತಪ್ಪಿಸಬೇಡ ಅಂತ. ನಾನು ಬರೀ ಹೊತ್ತು ತಂದೋನು."

ಒಕ್‌ಬುನ್ ಗಂಟು ಇಸಿದುಕೊಳ್ಳುವುದಿಲ್ಲ. ಬೆಂಚಿನ ಇನ್ನೊಂದು ತುದಿಯಲ್ಲಿ ಕುಳಿತು, "ಒಂದ್ಸಲ ಬೈದುಬಿಡಿ ನನ್ನ. ನಿಮ್ಮ ದಮ್ಮಯ್ಯ," ಎನ್ನುತ್ತಾರೆ.

"ಬೈಯೋಕೆ ಅಂತಾನೇ ದೋಣಿ ಹತ್ತಿದ್ದು. ದಾರಿ ಪೂರ್ತಿ ಬೈಕೊಂಡೇ ಬಂದೆ. ಇಲ್ಲಿ ಕೂತ್ರೆ ಮಾತು ಬರಲ್ಲ." ಯಾಂಗ್‌ಹೋ ಉಪ್ಪುನೀರಿಗೆ ಒಡೆದ ತಮ್ಮ ಅಂಗೈಗಳನ್ನು ನೋಡಿಕೊಳ್ಳುತ್ತಾರೆ. "ನಾನಾಗಿದ್ರೆ ಕೂಡಿಸಿಬಿಡ್ತಿದ್ದೆ. ಯಾರಿಗೂ ಹೇಳ್ತಿರಲಿಲ್ಲ. ಅವಳು ಬದುಕಿರ್ತಿದ್ಲು. ಇವತ್ತು ಈ ಗಂಟು ಅವಳೇ ತರ್ತಿದ್ಲು."

"ಗೊತ್ತು."

"ಅದಕ್ಕೇ ಅವಳು ಎಚ್ಚರ ಆದಾಗ ನನ್ನ ಕೇಳಲಿಲ್ಲ. ನಿಮ್ಮನ್ನ ಕೇಳಿದ್ಲು."

ಅಷ್ಟು ಹೇಳಿ, ಗಂಟನ್ನು ಬೆಂಚಿನ ಮೇಲೆ ಇಟ್ಟು, ದೋಣಿಗೆ ಹೊತ್ತಾಯಿತೆಂದು ಎದ್ದು ಹೋಗುತ್ತಾರೆ. ಒಕ್‌ಬುನ್ ಬಟ್ಟೆ ಬದಲಿಸುವ ಕೋಣೆಗೆ ಬಂದು ತಮ್ಮ ಕಪಾಟಿನ ಬಾಗಿಲು ತೆಗೆಯುತ್ತಾರೆ. ಕಳೆದ ವರ್ಷದ ಗಂಟು ಬಿಚ್ಚದೆ ಹಾಗೆಯೇ ಇದೆ. ತಿನ್ನಲು ಬಾಯಿ ಬರುವುದಿಲ್ಲ, ಎಸೆಯಲು ಕೈ ಬರುವುದಿಲ್ಲ. ಹೊಸದನ್ನು ಅದರ ಮೇಲೆ ಇಟ್ಟು ಬಾಗಿಲು ಹಾಕುತ್ತಾರೆ.

ಚೆಲ್ಲಿದ್ದು ಸರಿಯೇ ಎಂದು ಅವರನ್ನು ಕೇಳಿದರೆ, "ಸರಿ ಅಂತ ಇವತ್ತಿನ ತನಕ ಒಂದು ದಿನಾನೂ ಅನ್ನಿಸಿಲ್ಲ," ಎನ್ನುತ್ತಾರೆ. ಮತ್ತೆ ಇನ್ನೊಮ್ಮೆ ಕೊಳವೆ ಕಳಚಿದರೆ? "ಚೆಲ್ತೀನಿ. ಕೇಳಿದ್ದು ನಾನು, ಚೆಲ್ಲು ಅಂದಿದ್ದು ಅವಳು, ಒಪ್ಕೊಂಡಿದ್ದು ನಾನು. ಬೇರೆಯವರ ಕೈಯಲ್ಲಿ ಚೆಲ್ಲಿಸಲ್ಲ."

ಮಧ್ಯಾಹ್ನ ಇನ್ನೆರಡು ಆಪರೇಷನ್‌ಗಳಿವೆ, ಎರಡೂ ಸಾಮಾನ್ಯ ರೋಗಿಗಳವು. ಒಕ್‌ಬುನ್ ಬೆಂಚಿನ ಮೇಲೆ ಕುಳಿತು ಹೆಬ್ಬೆರಳಿನ ಪಟ್ಟಿಯನ್ನು ಸುತ್ತು ಸುತ್ತಾಗಿ ಬಿಚ್ಚುತ್ತಾರೆ. ಅಂಟು ಕಿತ್ತ ಜಾಗದಲ್ಲಿ ಚರ್ಮ ಕೆಂಪಾಗಿದೆ. ಬಿಡುಗಡೆಯಾದ ಬೆರಳು ತನ್ನಷ್ಟಕ್ಕೇ ಒಮ್ಮೆ ತಿರುಗುತ್ತದೆ. ಅದನ್ನೇ ನೋಡುತ್ತ ಅವರು ತಮಗಿರುವ ಒಂದು ಆಸೆ ಹೇಳುತ್ತಾರೆ.

"ನನ್ನ ಆಮೇಲೆ ಈ ಮೂಲೆಗೆ ಯಾರಾದ್ರೂ ಬಂದ್ರೆ, ಅವರ ಕೈ ನನ್ನ ಕೈಯಷ್ಟು ಪಳಗದೇ ಇರಲಿ."